ಹೊಲದ ಮನೆಗೆ ನೆಟ್: ಬೂಸ್ಟರ್ ಬೇಡ, ಕಂಬ ಏರಿಸಿ

ಕಲಬುರಗಿಯಿಂದ ಸೇಡಂ ರಸ್ತೆ ಹಿಡಿದು ಹೊರಟರೆ ಇ.ಎಸ್.ಐ. ಆಸ್ಪತ್ರೆ, ವಿಶ್ವವಿದ್ಯಾಲಯ ದಾಟುವ ತನಕ ಮೊಬೈಲಿನ ಕಡ್ಡಿಗಳೆಲ್ಲ ನೆಟ್ಟಗೆ ನಿಂತಿರುತ್ತವೆ. ರಸ್ತೆಗುಂಟ ಮುಂದೆ ಹೋದರೂ ಅಡ್ಡಿಯಿಲ್ಲ. ರಸ್ತೆ ಬಿಟ್ಟು ಎರೆ ಹೊಲದ ಬಂಡಿದಾರಿ ಹಿಡಿದು ಮೂರು ಕಿಲೋಮೀಟರು ಒಳಗೆ ಬನ್ನಿ, ಕಡ್ಡಿ ಒಂದೊಂದಾಗಿ ಉದುರುತ್ತ ಹೋಗುತ್ತವೆ. ನಮ್ಮ ಹೊಲದ ಮನೆ ಇರುವುದು ಅಲ್ಲಿ. ಗೋಡೆ ಶಹಾಬಾದ್ ಕಲ್ಲಿನದು, ಮೇಲೆ ತಗಡು. ಮನೆಯೊಳಗೆ ಕಾಲಿಟ್ಟರೆ ಫೋನು ಗಡಿಯಾರಕ್ಕೆ ಮಾತ್ರ ಉಪಯೋಗ.

ಹತ್ತು ವರ್ಷದ ಹಿಂದೆ ಇದು ದೊಡ್ಡ ತೊಂದರೆ ಅನ್ನಿಸುತ್ತಿರಲಿಲ್ಲ. ಮಾತಾಡಬೇಕೆಂದರೆ ಬದುವಿನ ಮೇಲೆ ನಿಂತು ಮಾತಾಡುತ್ತಿದ್ದೆವು. ಈಗ ಹಂಗಲ್ಲ. 2020ರ ಮುಂಗಾರಿನಿಂದ ನಮ್ಮ ಬೆಳೆ ಸಮೀಕ್ಷೆಯನ್ನು ನಾವೇ ಆ್ಯಪಿನಲ್ಲಿ ಮಾಡಬಹುದು ಎಂದಾಯಿತು. ಪಿ.ಎಂ. ಕಿಸಾನ್ ಹಣಕ್ಕೆ ಇ-ಕೆವೈಸಿ ಬೇಕು. ಪಹಣಿ ಫೋನಿನಲ್ಲಿ, ತೊಗರಿ ಧಾರಣೆ ಫೋನಿನಲ್ಲಿ. ಎಲ್ಲಕ್ಕಿಂತ ಮುಖ್ಯ, ಬೆಳೆ ವಿಮೆ. ಆಲಿಕಲ್ಲು ಬಿದ್ದರೆ, ಹೊಲದಲ್ಲಿ ನೀರು ನಿಂತರೆ, ಕೊಯ್ದು ಒಣಗಲು ಹಾಕಿದ ಬೆಳೆ ಅಕಾಲ ಮಳೆಗೆ ಸಿಕ್ಕರೆ 72 ತಾಸಿನ ಒಳಗೆ ತಿಳಿಸಬೇಕು. ಆ್ಯಪಿನಲ್ಲಿ ತಿಳಿಸಬಹುದು, 14447 ಸಂಖ್ಯೆಗೆ ಫೋನು ಮಾಡಿಯೂ ತಿಳಿಸಬಹುದು. ಎರಡಕ್ಕೂ ಸಿಗ್ನಲ್ ಬೇಕಲ್ಲ!

ನಮ್ಮ ಪಕ್ಕದ ಹೊಲದವರು ಹೆಸರು ಕಿತ್ತು ಹಾಕಿದ್ದರು. ರಾತ್ರಿಯೆಲ್ಲ ಮಳೆ. ಬೆಳಿಗ್ಗೆ ಕಾಯಿ ಕಪ್ಪಾಗಿ ಮೊಳಕೆ ಬರುವ ಹಂಗಾಗಿತ್ತು. ಫೋಟೋ ತೆಗೆದರು, ಕಳಿಸಿದರು, ಗಾಲಿ ಸುತ್ತುತ್ತಲೇ ಇತ್ತು. ಹಳ್ಳ ಬಂದು ದಾರಿ ಬಂದಾಗಿತ್ತು, ರಸ್ತೆ ಕಡೆ ಬರಲಿಕ್ಕೂ ಆಗಲಿಲ್ಲ. ಮೂರನೇ ದಿನ ಸಂಜೆ ಹಳ್ಳ ಇಳಿದ ಮೇಲೆ ಕೆಸರಿನಲ್ಲಿ ನಡಕೊಂಡು ಬಂದು ರಸ್ತೆಯಲ್ಲಿ ನಿಂತು ಕಳಿಸಿದರು. ಇನ್ನು ನಾಲ್ಕು ತಾಸು ತಡವಾಗಿದ್ದರೆ ಕಟ್ಟಿದ ವಿಮೆಯೂ ಹೋಗುತ್ತಿತ್ತು. ಅದನ್ನು ನೋಡಿದ ಮೇಲೆ ಈ ಕೆಲಸಕ್ಕೆ ಕೈ ಹಾಕಿದೆ. 2024ರ ಬೇಸಿಗೆಯಲ್ಲಿ, ಹೊಲದಲ್ಲಿ ಕೆಲಸವಿಲ್ಲದಾಗ, ಒಂದು ತಿಂಗಳು ಇದರ ಹಿಂದೆ ಬಿದ್ದಿದ್ದೆ. ಆದದ್ದನ್ನು ಬರೆಯುತ್ತೇನೆ. ಹೊಲದಲ್ಲಿ ಮನೆ ಮಾಡಿಕೊಂಡವರು ನಮ್ಮ ಕಡೆ ಮಾತ್ರವಲ್ಲ, ಎಲ್ಲ ಕಡೆ ಇದ್ದೀರಿ.

ಕಡ್ಡಿ ನಂಬಬೇಡಿ, ಅಂಕಿ ನೋಡಿ

ಫೋನಿನ ಕಡ್ಡಿ ಒಂದೊಂದು ಫೋನಿನಲ್ಲಿ ಒಂದೊಂದು ಥರ ತೋರಿಸುತ್ತದೆ. ಒಂದೇ ಜಾಗದಲ್ಲಿ ನನ್ನ ಫೋನು ಎರಡು ಕಡ್ಡಿ, ತಮ್ಮನ ಮಗನ ಫೋನು ಮೂರು ಕಡ್ಡಿ ತೋರಿಸಿತು. ಖರೆ ಲೆಕ್ಕ ಒಳಗಿರುತ್ತದೆ. ಬಹಳ ಫೋನುಗಳಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸ್ಟೇಟಸ್, ಸಿಮ್ ಸ್ಟೇಟಸ್ ಅಂತ ಒಳಗೆ ಹೋದರೆ ‘ಸಿಗ್ನಲ್ ಸ್ಟ್ರೆಂತ್’ ಎಂದು ಒಂದು ಅಂಕಿ ಸಿಗುತ್ತದೆ. ಅದರ ಮುಂದೆ ಮೈನಸ್ ಗುರುತು ಇರುತ್ತದೆ, ಹಿಂದೆ ಡಿಬಿಎಂ ಎಂದಿರುತ್ತದೆ. ಏಳನೇ ಇಯತ್ತೆ ಓದಿದ ನನಗೆ ಅಲ್ಲಿನ ಇಂಗ್ಲಿಷೆಲ್ಲ ತಿಳಿಯುವುದಿಲ್ಲ, ಅಂಕಿ ತಿಳಿಯುತ್ತದೆ. ಅಷ್ಟು ಸಾಕು.

ಈ ಅಂಕಿಯನ್ನು ಸಾಲದ ಲೆಕ್ಕದಂತೆ ಓದಬೇಕು. 120 ಸಾಲ ಇದ್ದವನಿಗಿಂತ 90 ಸಾಲ ಇದ್ದವನು ವಾಸಿ. 4ಜಿ ಸಿಗ್ನಲ್ಲು ಮೈನಸ್ 85ಕ್ಕಿಂತ ಕಡಿಮೆ ಸಾಲದಲ್ಲಿದ್ದರೆ ಬಹಳ ಚಲೋ. 100ರ ತನಕ ಕೆಲಸ ನಡೆಯುತ್ತದೆ. 100 ದಾಟಿದರೆ ತೊದಲು, 110 ದಾಟಿದರೆ ಫೋಟೋ ಹೋಗುವುದು ಕಷ್ಟ, 120ಕ್ಕೆ ಬಂತೆಂದರೆ ಮುಗಿಯಿತು. ಇನ್ನೊಂದು ಮಾತು ನೆನಪಿಡಿ: ಇದರಲ್ಲಿ 10 ಅಂಕಿ ಹೆಚ್ಚು ಕಡಿಮೆ ಎಂದರೆ ಹತ್ತು ಪಟ್ಟು ಹೆಚ್ಚು ಕಡಿಮೆ. 3 ಅಂಕಿಗೆ ಎರಡು ಪಟ್ಟು. ಹಾಗಾಗಿ ಐದಾರು ಅಂಕಿ ಸುಧಾರಿಸಿದರೂ ಅದು ಸಣ್ಣದಲ್ಲ.

ಒಂದು ಹಳೆ ನೋಟ್‌ಬುಕ್ ತಗೊಂಡು ಬರೆಯುತ್ತ ಹೋದೆ. ಮನೆಯೊಳಗೆ ಮೈನಸ್ 119. ಅಂಗಳದಲ್ಲಿ 112. ಏಣಿ ಹಚ್ಚಿ ಗೋಡೆಯ ಮೇಲೆ ನಿಂತರೆ 107. ಇಷ್ಟರಿಂದಲೇ ಎರಡು ಸಂಗತಿ ತಿಳಿದವು. ಗೋಡೆ ಮತ್ತು ತಗಡು ನನ್ನ ಪಾಲಿನ ಸಿಗ್ನಲ್ಲಿನ ಬಹುಪಾಲು ತಿನ್ನುತ್ತಿವೆ. ಮೇಲೆ ಹೋದಂತೆ ಸಿಗ್ನಲ್ಲು ಇದೆ.

ತಗಡು ಅಂದರೆ ಲೋಹ. ರೇಡಿಯೊ ಅಲೆಗೆ ಅದು ಕನ್ನಡಿ ಇದ್ದಂತೆ, ಬಂದದ್ದನ್ನು ಬಂದ ಕಡೆಗೇ ತಿರುಗಿಸಿ ಕಳಿಸುತ್ತದೆ. ಒಂದೂವರೆ ಫೂಟಿನ ಕಲ್ಲಿನ ಗೋಡೆ ಪೂರಾ ತಡೆಯುವುದಿಲ್ಲ, ಆದರೆ ದಾಟಿ ಬರುವಷ್ಟರಲ್ಲಿ ಅಲೆ ಸೋತಿರುತ್ತದೆ. ಬಿಸಿಲಿಗೆ ತಂಪೆಂದು ಕಟ್ಟಿದ ಗೋಡೆ ಸಿಗ್ನಲ್ಲಿಗೂ ತಡೆ. ಕಾಂಕ್ರೀಟ್ ಛತ್ತಿನಲ್ಲಿಯೂ ಕಬ್ಬಿಣದ ಜಾಲರಿ ಇರುತ್ತದೆ. ಹಳೆ ಮಣ್ಣಿನ ಮಾಳಿಗೆ ಮನೆಯಲ್ಲಿ ಚಲೋ ಬರುತ್ತದೆಂದು ಯಾರೋ ಅಂದರು. ನಮ್ಮ ದೊಡ್ಡಪ್ಪನ ಮಾಳಿಗೆಯಲ್ಲಿ ನೋಡಿದೆ, ಅಲ್ಲಿಯೂ ದಪ್ಪ ಗೋಡೆ, ಅಲ್ಲಿಯೂ ಹಂಗೇ.

ಇನ್ನೊಂದು ಪರೀಕ್ಷೆ ಮಾಡಲೇಬೇಕು. ಬೆಳಗಿನ ಐದಕ್ಕೆ ಎದ್ದು ನೆಟ್ ನೋಡಿ, ರಾತ್ರಿ ಎಂಟಕ್ಕೆ ಮತ್ತೆ ನೋಡಿ. ಅಂಕಿ ಅಷ್ಟೇ ಇದ್ದು ಬೆಳಿಗ್ಗೆ ಓಡುವ ನೆಟ್ ರಾತ್ರಿ ತೆವಳಿದರೆ ಅದು ಸಿಗ್ನಲ್ಲಿನ ರೋಗವಲ್ಲ, ಟವರಿನ ಮೇಲಿನ ಗದ್ದಲ. ಒಂದೇ ಬೋರಿಗೆ ಊರವರೆಲ್ಲ ಪೈಪು ಹಚ್ಚಿದರೆ ಎಲ್ಲರಿಗೂ ಹನಿ ಹನಿ ಬರುತ್ತದಲ್ಲ, ಹಂಗೆ. ಅದಕ್ಕೆ ಕಂಬ ಏರಿಸಿ ಉಪಯೋಗವಿಲ್ಲ, ಬೇರೆ ಕಂಪನಿಯ ಟವರು ನೋಡಬೇಕು.

ಸಿಮ್ ಬದಲಿಸಿ ನೋಡುವುದು

ಖರ್ಚು ಮಾಡುವ ಮುಂಚೆ ಸಿಮ್ ಪರೀಕ್ಷೆ ಮಾಡಿ. ಹಬ್ಬಕ್ಕೆ ಬಂದ ಅಳಿಯ, ರಾಶಿಗೆ ಬಂದ ಮಂದಿ, ಯಾರ ಕಡೆ ಯಾವ ಕಂಪನಿಯ ಸಿಮ್ ಇದೆ ಕೇಳಿ, ಅದೇ ಮೂರು ಜಾಗದಲ್ಲಿ ಅಂಕಿ ಬರೆದುಕೊಳ್ಳಿ. ನಮ್ಮಲ್ಲಿ ಎರಡು ಕಂಪನಿಯ ನಡುವೆ ಒಂಬತ್ತು ಅಂಕಿ ವ್ಯತ್ಯಾಸ ಬಂತು. ಅಂದರೆ ಎಂಟು ಪಟ್ಟು, ಪೈಸೆ ಖರ್ಚಿಲ್ಲದೆ. ನಂಬರು ಹಾಗೇ ಇಟ್ಟುಕೊಂಡು ಕಂಪನಿ ಬದಲಿಸಬೇಕೆಂದರೆ ‘ಪೋರ್ಟ್’ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ನಿಮ್ಮ ನಂಬರು ಹಾಕಿ 1900ಕ್ಕೆ ಮೆಸೇಜು ಕಳಿಸಬೇಕು, ಸಂಕೇತ ಬರುತ್ತದೆ.

ಎರಡು ವರ್ಷದ ಹಿಂದೆ ಪರೀಕ್ಷೆ ಮಾಡಿದವರು ಮತ್ತೊಮ್ಮೆ ಮಾಡುವುದು ಒಳ್ಳೆಯದು. ಟವರುಗಳು ಏರುತ್ತಿವೆ. 4ಜಿ ಇಲ್ಲದ ಹಳ್ಳಿಗಳಿಗೆ ಟವರು ಹಾಕುವ ಯೋಜನೆಗೆ ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿತು. ಬಿ.ಎಸ್.ಎನ್.ಎಲ್. ತನ್ನ ದೇಶಿ 4ಜಿ ಜಾಲವನ್ನು 2025ರ ಸೆಪ್ಟೆಂಬರ್ 27ರಂದು ಉದ್ಘಾಟಿಸಿತು. ನಿಮ್ಮ ಹೊಲದ ಸುತ್ತ ಯಾರ ಟವರು ಎಲ್ಲಿದೆ ಎಂದು ನೋಡಲು ದೂರಸಂಪರ್ಕ ಇಲಾಖೆಯ ‘ತರಂಗ ಸಂಚಾರ’ ತಾಣವಿದೆ. ಹುಡುಗರಿಗೆ ಹೇಳಿದರೆ ತೆಗೆದು ತೋರಿಸುತ್ತಾರೆ. ನಾನಂತೂ ಮೊದಲ ದಿನ ರಾತ್ರಿ ಗೋಡೆ ಹತ್ತಿ ಕೆಂಪು ದೀಪ ಎಣಿಸಿದೆ. ನಾಲ್ಕು ಕಂಡವು. ಅದರಲ್ಲಿ ನಮ್ಮ ಕಂಪನಿಯದು ಯಾವುದು ಎಂದು ಆಮೇಲೆ ತಾಣದಲ್ಲಿ ನೋಡಿ ತಾಳೆ ಹಾಕಿದೆವು. ನಾಲ್ಕೂವರೆ ಕಿಲೋಮೀಟರು ದೂರ, ಈಶಾನ್ಯಕ್ಕೆ.

ಟವರಿನಿಂದ ಬರುವ ಅಲೆಗಳಲ್ಲಿಯೂ ಜಾತಿ ಇವೆ. ಜಾತ್ರೆಯಲ್ಲಿ ಹಲಗೆಯ ಸಪ್ಪಳ ಮೂರು ಊರಿಗೆ ಕೇಳುತ್ತದೆ, ತಾಳದ ಸಪ್ಪಳ ಓಣಿ ದಾಟುವುದಿಲ್ಲ. ಹಂಗೆ 700, 850, 900 ಮೆಗಾಹರ್ಟ್ಸಿನ ಅಲೆ ದೂರ ಹೋಗುತ್ತದೆ, ಗೋಡೆಯನ್ನೂ ಸ್ವಲ್ಪ ದಾಟುತ್ತದೆ. 1800, 2300 ಅಂದಂತೆ ದೂರ ಕಡಿಮೆ, ಆದರೆ ಹೆಚ್ಚು ಮಾಹಿತಿ ಹೊರುತ್ತದೆ. 5ಜಿಗೆ ಹೆಚ್ಚಾಗಿ ಬಳಸುವ 3300ರ ಅಲೆ ನಮ್ಮಂಥ ದೂರದ ಹೊಲಕ್ಕೆ ಬರುವುದು ಅಪರೂಪ. ಹೊಸ ಫೋನು ಅದನ್ನೇ ಹುಡುಕುತ್ತ ಬ್ಯಾಟರಿ ಇಳಿಸಿಕೊಳ್ಳುತ್ತದೆ. ಹೊಲದಲ್ಲಿದ್ದಾಗ ಫೋನಿನ ನೆಟ್‌ವರ್ಕ್ ಆಯ್ಕೆಯನ್ನು 4ಜಿಗೆ ಇಳಿಸಿ ನೋಡಿ. ನಮ್ಮ ಮನೆಯಲ್ಲಿ ಮೂರು ಫೋನಿಗೆ ಹಾಗೆ ಮಾಡಿದ ಮೇಲೆ ಸಂಜೆ ತನಕ ಚಾರ್ಜ್ ಉಳಿಯುತ್ತಿದೆ.

ಇದು ಹೊಸ ವಿದ್ಯೆ ಅಲ್ಲ

ನಮ್ಮ ಜಿಲ್ಲೆಗೆ ಆಕಾಶದ ಅಲೆ ಹಿಡಿಯುವುದು ಹಳೆ ವಿದ್ಯೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಇಸ್ರೊದವರು ಅಮೆರಿಕದ ಎ.ಟಿ.ಎಸ್.-6 ಉಪಗ್ರಹದಿಂದ ದೇಶದ ಆರು ರಾಜ್ಯದ ಸುಮಾರು 2,400 ಹಳ್ಳಿಗೆ ಟಿವಿ ತೋರಿಸಿದರು. ಕರ್ನಾಟಕದಲ್ಲಿ ಆರಿಸಿಕೊಂಡದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ. ಕೋಳಿ ಗೂಡಿಗೆ ಹಾಕುವ ತಂತಿ ಜಾಲರಿಯಿಂದ ಮಾಡಿದ ಹತ್ತು ಫೂಟಿನ ಛತ್ರಿಯೇ ಆಂಟೆನಾ. ಬೆಂಗಳೂರಿನಲ್ಲಿ ದೂರದರ್ಶನ ಬಂದದ್ದು 1981ರಲ್ಲಿ, ಗುಲ್ಬರ್ಗದಲ್ಲಿ 1977ಕ್ಕೇ ಕೇಂದ್ರವಾಗಿತ್ತು. ಈ ಮಾತು ಹೇಳಿದರೆ ಬೆಂಗಳೂರಿನ ಕಡೆಯವರು ನಂಬುವುದಿಲ್ಲ!

ಆಮೇಲೆ 1987ರಲ್ಲಿ ರಾಮಾಯಣ ಬಂದಾಗ ಪ್ರತಿ ರವಿವಾರ ಮಾಳಿಗೆ ಮೇಲೆ ಒಬ್ಬ, ಕೆಳಗೊಬ್ಬ. “ಬಂತೇನ್ರಿ?” “ಬಂತ್ ಬಂತ್... ಹೋತ್ ನೋಡ್!” ನಮ್ಮ ವಯಸ್ಸಿನವರೆಲ್ಲ ಏರಿಯಲ್ ತಿರುಗಿಸಿದವರೇ. ಮುಂದೆ ಹಳ್ಳಿಗೆ ಬಂದ ರೇಡಿಯೊ ಫೋನು, 2000ದ ನಂತರದ ಡಬ್ಲ್ಯು.ಎಲ್.ಎಲ್. ಫೋನು, ಅವಕ್ಕೂ ಕಂಬದ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾ ಇರುತ್ತಿತ್ತು. ಎತ್ತರ ಮತ್ತು ದಿಕ್ಕು ಎರಡೇ ಮಂತ್ರ. ಮೊಬೈಲು ಕೈಗೆ ಬಂದ ಮೇಲೆ ಅದನ್ನು ಮರೆತೆವು. ಜೇಬಿನಲ್ಲಿರುವ ಯಂತ್ರಕ್ಕೆ ಕಂಬ ಯಾಕೆ ಅನ್ನಿಸಿತು. ಹೊಲದಲ್ಲಿ ಈಗಲೂ ಬೇಕು.

ನಾನು ಬೇಕಾಗಿಯೇ ಪೈಸೆ ಖರ್ಚಿಲ್ಲದ ಪ್ರಯೋಗದಿಂದ ಸುರು ಮಾಡಿದೆ. ಮನೆಯಲ್ಲಿದ್ದ ಹಳೆ ಫೋನಿಗೆ ಸಿಮ್ ಹಾಕಿ, ಹಾಟ್‌ಸ್ಪಾಟ್ ಚಾಲೂ ಮಾಡಿ, ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಇಪ್ಪತ್ತು ಫೂಟಿನ ಪೈಪಿನ ತುದಿಗೆ ಕಟ್ಟಿ ಗೋಡೆಗೆ ಒರಗಿಸಿ ನಿಲ್ಲಿಸಿದೆವು. ಮೇಲಿನ ಫೋನಿನಲ್ಲಿ ಅಂಕಿ 101. ಕೆಳಗೆ ಬಾಗಿಲಲ್ಲಿ ಕೂತು ಇನ್ನೊಂದು ಫೋನಿನಲ್ಲಿ ಆ ಹಾಟ್‌ಸ್ಪಾಟ್ ಹಿಡಿದರೆ ವಿಡಿಯೊ ಓಡಿತು. ಇಷ್ಟು ಖಾತ್ರಿ ಆದ ಮೇಲೆಯೇ ಸಾಮಾನು ತರಲು ಕಲಬುರಗಿಗೆ ಹೋದದ್ದು. ನೀವೂ ಇದನ್ನು ಮಾಡದೆ ರೊಕ್ಕ ಬಿಚ್ಚಬೇಡಿ. ಆದರೆ ಫೋನನ್ನು ಮೇಲೆಯೇ ಬಿಡಬೇಡಿ. ನಮ್ಮ ಬಿಸಿಲಿಗೆ ಬ್ಯಾಟರಿ ಉಬ್ಬುತ್ತದೆ, ಒಡೆದರೆ ಬೆಂಕಿ. ಬೆಳಿಗ್ಗೆ ಅಥವಾ ಸಂಜೆ ಅರ್ಧ ತಾಸಿನ ಪರೀಕ್ಷೆಗೆ ಮಾತ್ರ.

ಕೆಲವರು ಡಾಂಗಲ್ಲಿನ ಹಿಂದೆ ಪರಾತ ಇಡುವುದು, ಜಾಲರಿ ಬುಟ್ಟಿ ಇಡುವುದು ಮಾಡುತ್ತಾರೆ. ಅದು ಸುಳ್ಳಲ್ಲ. ಆ ಕೋಳಿ ಜಾಲರಿಯ ಛತ್ರಿ ಮಾಡಿದ್ದೂ ಅದೇ ಕೆಲಸ, ಅಲೆಯನ್ನು ಒಂದು ಕಡೆ ಕೂಡಿಸುವುದು. ಆದರೆ ಡಾಂಗಲ್ಲು ಸರಿಯಾದ ಜಾಗಕ್ಕೆ ಕೂತರೆ ಮಾತ್ರ, ಗಾಳಿಗೆ ಅಲುಗಿದರೆ ಹೋಯಿತು.

ಕಂಬ, ಆಂಟೆನಾ, ರೂಟರು

ಸಿಮ್ ಹಾಕುವ 4ಜಿ ರೂಟರು ತಂದೆ. ಕೊಳ್ಳುವಾಗ ಒಂದೇ ಸಂಗತಿ ನೋಡಿ: ಹಿಂದೆ ಹೊರಗಿನ ಆಂಟೆನಾ ಹಚ್ಚುವ ತಿರುಪಿನ ಎರಡು ಬಾಯಿ ಇರಬೇಕು, ಅವು 4ಜಿ ಆಂಟೆನಾದ್ದೇ ಇರಬೇಕು. ಕೆಲವು ರೂಟರಿನಲ್ಲಿ ಬಿಚ್ಚಲು ಬರುವ ಕಡ್ಡಿ ವೈಫೈದು ಇರುತ್ತದೆ, ಅದಕ್ಕೆ ಕಂಬದ ಆಂಟೆನಾ ಹಚ್ಚಿ ಏನೂ ಆಗುವುದಿಲ್ಲ. ಕಂಪನಿಯವರೇ ಕೊಡುವ ಸಣ್ಣ ಡಬ್ಬಿ ಬೇರೆ ಕಂಪನಿಯ ಸಿಮ್ ತಗೊಳ್ಳುವುದಿಲ್ಲ, ಅದನ್ನೂ ಕೇಳಿಕೊಳ್ಳಿ.

ಆಂಟೆನಾ ಒಂದು ಜೋಡಿ, ಮೀನಿನ ಮುಳ್ಳಿನ ಆಕಾರದ್ದು. 4ಜಿಗೆ ಎರಡು ಬೇಕು, ಯಾಕೆಂದರೆ ಟವರು ಎರಡು ಧಾರೆಯಲ್ಲಿ ಕಳಿಸುತ್ತದೆ. ಒಂದನ್ನು ಎಡಕ್ಕೆ 45 ಡಿಗ್ರಿ, ಇನ್ನೊಂದನ್ನು ಬಲಕ್ಕೆ 45 ಡಿಗ್ರಿ ವಾಲಿಸಿ, ಮೂತಿ ಎರಡೂ ಟವರಿನ ಕಡೆಗೇ ಇಟ್ಟು ಕಟ್ಟಬೇಕು.

ಹೆಚ್ಚು ಮಂದಿ ಸೋಲುವುದು ವೈರಿನಲ್ಲಿ. ಅಂಗಡಿಯವರು ತೆಳು ವೈರು ಹತ್ತು ಮೀಟರು, ಹದಿನೈದು ಮೀಟರು ಕೊಡುತ್ತಾರೆ. ಮಣ್ಣಿನ ಕಾಲುವೆಯಲ್ಲಿ ನೀರು ಇಂಗುವಂತೆ ಸಿಗ್ನಲ್ಲು ಅದರಲ್ಲಿ ಇಂಗಿ ಹೋಗುತ್ತದೆ. ತೆಳು ವೈರು ಹತ್ತು ಮೀಟರು ಹಾಕಿದರೆ ಆಂಟೆನಾ ಗಳಿಸಿದ್ದರಲ್ಲಿ ಬಹಳಷ್ಟನ್ನು ವೈರೇ ತಿಂದು ಬಿಡುತ್ತದೆ. ದಪ್ಪ ವೈರು ತನ್ನಿ, ಗಿಡ್ಡ ಇರಲಿ. ನಮ್ಮದು ಐದು ಮೀಟರು. ಡಿಶ್ ಟಿವಿಯ ವೈರು, ಟಿವಿ ಬೂಸ್ಟರು ಇದಕ್ಕೆ ನಡೆಯುವುದಿಲ್ಲ. ದೂರ ಹೋಗಲೇಬೇಕೆಂದರೆ ರೂಟರನ್ನು ಆಂಟೆನಾದ ಹತ್ತಿರ ಇಟ್ಟು, ಅಲ್ಲಿಂದ ಲ್ಯಾನ್ ವೈರು ಎಳೆಯಿರಿ. ಅದು 100 ಮೀಟರಿನ ತನಕ ಸಲೀಸಾಗಿ ಬರುತ್ತದೆ. ನಾನು ರೂಟರನ್ನು ಗೋಡೆಯ ಒಳಬದಿ ಎತ್ತರಕ್ಕೆ ಒಂದು ಹಲಗೆ ಬಡಿದು ಇಟ್ಟಿದ್ದೇನೆ. ತಗಡಿಗೆ ಹತ್ತಿ ಇಡಬೇಡಿ, ಬೇಸಿಗೆಯಲ್ಲಿ ತಗಡಿನ ಕಾವಿಗೆ ತಾನೇ ಬಂದಾಗುತ್ತದೆ.

ತಿರುಗಿಸುವ ದಿನ ತಮ್ಮನ ಮಗ ಕೆಳಗೆ ಕೂತು ರೂಟರಿನ ಪುಟದಲ್ಲಿ ಅಂಕಿ ಓದುತ್ತಿದ್ದ. ನಾನು ಪಾನಾ ಹಿಡಿದು ಪೈಪು ತಿರುಗಿಸುತ್ತಿದ್ದೆ. ಟಿವಿಗೆ ತಿರುಗಿಸಿದ ಹಾಗೆ ಗಡಬಡಿ ಮಾಡಬಾರದು. ಬೆರಳಗಲ ತಿರುಗಿಸಿ ಒಂದು ನಿಮಿಷ ಕಾಯಬೇಕು, ಅಂಕಿ ನಿಧಾನ ಬದಲಾಗುತ್ತದೆ. ಟವರಿನ ನೇರಕ್ಕೆ ಇಟ್ಟರೆ 95 ಬಂತು. ಇನ್ನೂ ಸ್ವಲ್ಪ ಬಲಕ್ಕೆ ಸರಿಸಿದರೆ “ಕಾಕಾ, ನಿಲ್ಲಸ್ರಿ, ಅಲ್ಲೇ ನಿಲ್ಲಸ್ರಿ! ತೊಂಬತ್ತೆರಡ್ ಬಂತು” ಎಂದ. ಯಾಕೆ ಬಲಕ್ಕೆ? ನೇರದ ಸಾಲಿನಲ್ಲಿ ನಮ್ಮ ಬೇವಿನ ಗಿಡವಿದೆ. ಹಸಿ ಎಲೆ ಅಲೆಯನ್ನು ಕುಡಿಯುತ್ತದೆ, ಮಳೆಗೆ ತೊಯ್ದ ಎಲೆ ಇನ್ನೂ ಹೆಚ್ಚು. ಗಿಡ ಕಡಿಯಿರಿ ಎಂದು ಒಬ್ಬರು ಹೇಳಿದರು. ನೆಟ್ಟಿಗಾಗಿ ಬೇವು ಕಡಿಯುವ ಮನುಷ್ಯ ನಾನಲ್ಲ, ಪೈಪನ್ನೇ ಗೋಡೆಯ ಆ ತುದಿಗೆ ಸರಿಸಿದೆ.

ಮನೆಯೊಳಗಿನ 119 ಎಲ್ಲಿ, ಕಂಬದ ಮೇಲಿನ 92 ಎಲ್ಲಿ! ಇಪ್ಪತ್ತೇಳು ಅಂಕಿ, ಲೆಕ್ಕ ಹಾಕಿದರೆ ಐನೂರು ಪಟ್ಟು. ನೆಟ್ಟಿನ ವೇಗ ಐನೂರು ಪಟ್ಟು ಆಗುವುದಿಲ್ಲ, ಬೆಳಿಗ್ಗೆ ಹತ್ತು ಎಂ.ಬಿ. ಆಸುಪಾಸು, ರಾತ್ರಿ ಎರಡು ಮೂರು. ಫೋಟೋ ಹೋಗುತ್ತದೆ, ಪಹಣಿ ಇಳಿಯುತ್ತದೆ, ಮಗ ವಿಡಿಯೊದಲ್ಲಿ ಮಾತಾಡುತ್ತಾನೆ. ಫೋನಿನಲ್ಲಿ ‘ವೈಫೈ ಕಾಲಿಂಗ್’ ಚಾಲೂ ಮಾಡಿದರೆ ಸಾದಾ ಕರೆಯೂ ರೂಟರಿನ ಮೂಲಕ ಹೋಗುತ್ತದೆ. ಮನೆಯೊಳಗೆ ಕೂತು 14447ಕ್ಕೆ ಹಚ್ಚಿ ನೋಡಿದೆ, ಹತ್ತಿತು. ಎಲ್ಲ ಫೋನು, ಎಲ್ಲ ಕಂಪನಿಯಲ್ಲಿ ಈ ಅನುಕೂಲ ಇರುವುದಿಲ್ಲ.

ಖರ್ಚು: ರೂಟರು 3,800, ಆಂಟೆನಾ ಜೋಡಿ ವೈರು ಸಹಿತ 2,600, ಜಿ.ಐ. ಪೈಪು, ಕ್ಲ್ಯಾಂಪು, ಎಳೆದು ಕಟ್ಟುವ ತಂತಿ 2,100, ಅರ್ಥಿಂಗಿಗೆ 700. ಒಟ್ಟು 9,200 ರೂಪಾಯಿ. ಒಂದು ಕ್ವಿಂಟಲ್ ತೊಗರಿಗಿಂತ ಹೆಚ್ಚೇ ಆಯಿತು. 2025–26ಕ್ಕೆ ಬೆಂಬಲ ಬೆಲೆ 8,000 ಎಂದು ಕೊಟ್ಟಿದ್ದರು, ಅದರ ಲೆಕ್ಕದಲ್ಲಿ ಹೇಳಿದೆ. ಸಿಮ್ಮಿನ ರೀಚಾರ್ಜ್ ಬೇರೆ. ಅಕ್ಕಪಕ್ಕದ ಇಬ್ಬರು ಕೂಡಿ ಹಾಕಿಕೊಂಡರೆ ಭಾರ ಕಡಿಮೆ.

ಬೂಸ್ಟರ್ ಎಂಬ ಡಬ್ಬಿ

ನಮ್ಮ ಬೀಗರೊಬ್ಬರಿಗೆ ಒಂದು ಅಂಗಡಿಯವರು ‘ಮೊಬೈಲ್ ಸಿಗ್ನಲ್ ಬೂಸ್ಟರ್’ ಎಂದು ಡಬ್ಬಿ ಕೊಟ್ಟರು, ಆರು ಸಾವಿರಕ್ಕೆ. ಹಚ್ಚಿದ ದಿನ ಕಡ್ಡಿಗಳೆಲ್ಲ ತುಂಬಿದವು. ಎರಡನೇ ದಿನದಿಂದ ಓಣಿಯವರ ಫೋನೆಲ್ಲ ತೊದಲತೊಡಗಿದವು. ಸಭೆಯಲ್ಲಿ ಮೈಕನ್ನು ಭೋಂಗಾದ ಮುಂದೆ ಹಿಡಿದರೆ ಕುಂಯ್ ಅನ್ನುತ್ತದಲ್ಲ, ಈ ಡಬ್ಬಿಯೂ ಹಾಗೆ ತನ್ನದೇ ದನಿಯನ್ನು ತಾನೇ ಕೇಳಿ ಕಿರುಚತೊಡಗುತ್ತದೆ. ನಮ್ಮ ಕಿವಿಗೆ ಕೇಳುವುದಿಲ್ಲ, ಟವರಿಗೆ ಕೇಳುತ್ತದೆ. ಆ ಗದ್ದಲದಲ್ಲಿ ಉಳಿದ ಫೋನುಗಳ ದನಿ ಟವರಿಗೆ ತಿಳಿಯುವುದಿಲ್ಲ.

ಪರವಾನಗಿ ಇಲ್ಲದೆ ಇಂಥ ರಿಪೀಟರ್ ಮಾರುವುದು, ಇಟ್ಟುಕೊಳ್ಳುವುದು, ಹಚ್ಚುವುದು ನಮ್ಮ ದೇಶದಲ್ಲಿ ಅಪರಾಧ. ದೂರಸಂಪರ್ಕ ಇಲಾಖೆ ಇದನ್ನು ಮತ್ತೆ ಮತ್ತೆ ಪ್ರಕಟಿಸಿದೆ. ಬೂಸ್ಟರು ಹಾಕುವ ಅಧಿಕಾರ ಲೈಸೆನ್ಸ್ ಇರುವ ಮೊಬೈಲ್ ಕಂಪನಿಗೆ ಮಾತ್ರ. ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಸಿಗುತ್ತದೆ ಎಂದ ಮಾತ್ರಕ್ಕೆ ಕಾಯ್ದೆಶೀರ್ ಎಂದು ತಿಳಿಯಬೇಡಿ. ನಾನು ಹೇಳಿದ ರೂಟರು, ಆಂಟೆನಾ ಬೇರೆ. ಅಲೆಯನ್ನು ಹಿಗ್ಗಿಸಿ ಮತ್ತೆ ಗಾಳಿಗೆ ಬಿಡುವ ಯಂತ್ರ ಅದರಲ್ಲಿಲ್ಲ, ಒಂದು ಫೋನು ಎತ್ತರಕ್ಕೆ ಹತ್ತಿ ಕೂತಂತೆ ಅಷ್ಟೆ. ಸೆಲೆ ಇಲ್ಲದ ಬಾವಿಗೆ ಹತ್ತು ಎಚ್.ಪಿ. ಮೋಟರು ಇಳಿಸಿದರೆ ನೀರು ಹುಟ್ಟುವುದಿಲ್ಲ. ಸೆಲೆ ಎಲ್ಲಿದೆ ನೋಡಿ ಅಲ್ಲಿಗೆ ಪೈಪು ಇಳಿಸಬೇಕು.

ಇನ್ನೊಂದು ಮೋಸವನ್ನೂ ಇಲ್ಲೇ ಹೇಳಿಬಿಡುತ್ತೇನೆ. “ನಿಮ್ಮ ಹೊಲದಲ್ಲಿ ಟವರು ಹಾಕುತ್ತೇವೆ, ತಿಂಗಳಿಗೆ ಇಷ್ಟು ಸಾವಿರ ಬಾಡಿಗೆ, ಮುಂಗಡ ಹತ್ತು ಲಕ್ಷ” ಎಂದು ಫೋನು ಬರುತ್ತದೆ. ಆಮೇಲೆ ಕಾಗದಪತ್ರಕ್ಕೆ, ತೆರಿಗೆಗೆ ಎಂದು ಮೊದಲು ನಿಮ್ಮಿಂದಲೇ ಕಟ್ಟಿಸಿಕೊಳ್ಳುತ್ತಾರೆ. ಟ್ರಾಯ್ ಅಥವಾ ದೂರಸಂಪರ್ಕ ಇಲಾಖೆ ಟವರಿಗೆ ಯಾರಿಂದಲೂ ಶುಲ್ಕ ತಗೊಳ್ಳುವುದಿಲ್ಲ, ಅದಕ್ಕೆಂದು ಪ್ರಮಾಣಪತ್ರವನ್ನೂ ಕೊಡುವುದಿಲ್ಲ. ರೊಕ್ಕ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನು ಮಾಡಿ.

ಸಿಡಿಲು, ಕರೆಂಟು

ಬಯಲಿನ ಎರೆ ಹೊಲದಲ್ಲಿ ಇಪ್ಪತ್ತೆಂಟು ಫೂಟಿನ ಕಬ್ಬಿಣದ ಪೈಪು ನಿಲ್ಲಿಸುವುದೆಂದರೆ ಸಿಡಿಲಿಗೆ ಕೈ ಮಾಡಿ ಕರೆದಂತೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಮಳೆಗೆ ಮಂದಿ, ದನ ಸಾಯುವುದು ವರ್ಷವೂ ಇದ್ದದ್ದೇ. ಪೈಪಿನ ಬುಡದಿಂದ ದಪ್ಪ ತಂತಿ ಎಳೆದು ನೆಲಕ್ಕೆ ಅರ್ಥಿಂಗ್ ಮಾಡಲೇಬೇಕು. ಅರ್ಥಿಂಗ್ ಮಾಡಿದರೆ ಸಿಡಿಲು ಏನೂ ಮಾಡುವುದಿಲ್ಲ ಎಂದಲ್ಲ. ನೇರ ಬಡಿದರೆ ರೂಟರು ಉಳಿಯುವುದಿಲ್ಲ. ಮೋಡ ಕಟ್ಟಿ ಗುಡುಗು ಕೇಳಿದ ಕೂಡಲೇ ನಮ್ಮ ಮನೆಯಲ್ಲಿ ಮೊದಲ ಕೆಲಸ ಆಂಟೆನಾದ ಎರಡು ತಿರುಪು ಬಿಚ್ಚಿ ಹೊರಗೆ ಎಸೆಯುವುದು, ಪ್ಲಗ್ಗು ಕಿತ್ತುವುದು. ಪುಣೆಯ ಹವಾಮಾನ ಸಂಸ್ಥೆಯವರ ‘ದಾಮಿನಿ’, ನಮ್ಮ ರಾಜ್ಯದ ‘ಸಿಡಿಲು’ ಆ್ಯಪುಗಳು ಸುತ್ತ ಎಲ್ಲಿ ಮಿಂಚುತ್ತಿದೆ ಎಂದು ತೋರಿಸುತ್ತವೆ. ನೆಟ್ ಬಂದದ್ದರ ದೊಡ್ಡ ಲಾಭ ನನಗೆ ಇದೇ ಅನ್ನಿಸಿದೆ. ಹೊಲದ ಆ ತುದಿಯಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳನ್ನು ಅರ್ಧ ತಾಸು ಮೊದಲೇ ಕೂಗಿ ಕರೆಯಬಹುದು.

ಪೈಪು ನಿಲ್ಲಿಸುವಾಗ ಕರೆಂಟಿನ ತಂತಿ ಎಲ್ಲಿದೆ ನೋಡಿ. ಪೈಪು ಅಡ್ಡ ಬಿದ್ದರೂ ತಂತಿಗೆ ತಾಗದಷ್ಟು ದೂರ ಇರಬೇಕು. ಒಬ್ಬರೇ ಎತ್ತಬೇಡಿ.

ಹೊಲದ ಮನೆಗೆ ಕರೆಂಟಿನ ಭರವಸೆ ಇಲ್ಲ, ಅದಕ್ಕೆ ನಾನು ಔಷಧ ಹೊಡೆಯುವ ಬ್ಯಾಟರಿ ಪಂಪಿನ ಬ್ಯಾಟರಿ ಬಳಸುತ್ತೇನೆ. ಅದು 12 ವೋಲ್ಟ್, 8 ಆಂಪಿಯರ್-ತಾಸಿನದು. ನಮ್ಮ ರೂಟರೂ 12 ವೋಲ್ಟಿನದೇ. ಆರು ತಾಸು ಆರಾಮ ನಡೆಯುತ್ತದೆ. ನಿಮ್ಮ ರೂಟರಿನ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್ ಎಂದು ಓದಿಕೊಳ್ಳಿ. 5 ವೋಲ್ಟ್, 9 ವೋಲ್ಟಿನವೂ ಇವೆ, ಅದಕ್ಕೆ ಇದನ್ನು ಹಚ್ಚಿದರೆ ಸುಟ್ಟು ಹೋಗುತ್ತದೆ. ಪ್ಲಸ್ ಮೈನಸ್ ಅದಲುಬದಲಾಗಬಾರದು, ನಡುವೆ ಒಂದು ಫ್ಯೂಸ್ ಇರಲಿ. ಟವರಿಗೆ ಕರೆಂಟು ಹೋಗಿ ಅದರ ಬ್ಯಾಟರಿಯೂ ಮುಗಿದರೆ ನಮ್ಮ ಬ್ಯಾಟರಿ ಇದ್ದು ಏನೂ ಮಾಡಲಾಗದು.

ತಗ್ಗಿನ ಹೊಲಕ್ಕೆ

ನಮ್ಮದು ಸಪಾಟು ನೆಲ, ಅದಕ್ಕೆ ಕಂಬ ನಡೆಯಿತು. ಕಮಲಾಪುರದ ಕಡೆ ಹಂಗಲ್ಲ. ಅಲ್ಲಿ ಏರು ತಗ್ಗು. ಸಂಬಂಧಿಕರೊಬ್ಬರ ಕೆಂಪು ಬಾಳೆ ತೋಟ ತಗ್ಗಿನಲ್ಲಿದೆ. ಬಾಳೆಗೆ ಆ ತಗ್ಗು ಬೇಕು, ಗಾಳಿ ಬಡಿಯುವುದಿಲ್ಲ. ಸಿಗ್ನಲ್ಲಿಗೆ ಮಾತ್ರ ಅದು ಗುಂಡಿ. ಇಪ್ಪತ್ತು ಫೂಟಿನ ಪೈಪು ಎತ್ತಿ ನೋಡಿದೆವು, ಮೂರು ಅಂಕಿಯೂ ಏರಲಿಲ್ಲ. ಹಾಟ್‌ಸ್ಪಾಟ್ ಫೋನು ಹಿಡಿದು ದಿಬ್ಬ ಹತ್ತಿದರೆ ತಲೆಯ ಮೇಲೆ 94. ಮನೆಯಿಂದ ಅಲ್ಲಿಗೆ ಸುಮಾರು 150 ಮೀಟರು, ಲ್ಯಾನ್ ವೈರಿಗೆ ದೂರ. ದಿಬ್ಬದ ಮೇಲೆ ನೆರಳಿನಲ್ಲಿ ಪೆಟ್ಟಿಗೆ ಮಾಡಿ ರೂಟರು ಇಟ್ಟು, ಸಣ್ಣ ಸೋಲಾರ್ ತಗಡು, ಬ್ಯಾಟರಿ ಕೊಟ್ಟು, ಅಲ್ಲಿಂದ ಮನೆಗೆ ಒಂದು ಜೊತೆ ಹೊರಗಿನ ವೈಫೈ ರೇಡಿಯೊ ಹಾಕಿದರು. ಒಂದು ದಿಬ್ಬದ ಮೇಲೆ, ಇನ್ನೊಂದು ಮನೆಯ ಮೇಲೆ, ಒಂದರ ಮುಖ ಇನ್ನೊಂದರ ಕಡೆ. ನಡುವೆ ಗಿಡ ಅಡ್ಡ ಬರಬಾರದು. ಮಲೆನಾಡಿನ ಓದುಗರಿಗೆ ನಮ್ಮ ಕಂಬಕ್ಕಿಂತ ಈ ಉಪಾಯವೇ ಹೊಂದೀತು.

ಊರಿನೊಳಗೆ ಫೈಬರ್ ಬಂದಿದ್ದರೆ, ಊರಿನ ಮನೆಯ ಮಾಳಿಗೆಯಿಂದ ಹೊಲದ ಮನೆ ಕಣ್ಣಿಗೆ ಕಾಣುತ್ತಿದ್ದರೆ, ಇಂಥದೇ ರೇಡಿಯೊ ಜೋಡಿಯಿಂದ ಎರಡು ಮೂರು ಕಿಲೋಮೀಟರು ತರಬಹುದು. ಭಾರತ್‌ನೆಟ್ ಫೈಬರ್ ಪಂಚಾಯಿತಿಗೆ ಬಂದಿದೆಯೇ, ಅಲ್ಲಿಂದ ಮನೆಗಳಿಗೆ ಕೊಡುತ್ತಾರೆಯೇ ಎಂದು ಪಂಚಾಯಿತಿಯಲ್ಲಿ ಕೇಳಿ. ಹೊಲದ ತನಕ ಫೈಬರ್ ವೈರೇ ಎಳೆಸುತ್ತೇನೆ ಎಂದು ಹೊರಟರೆ ಕಂಬದ ಖರ್ಚು ಮೈಮೇಲೆ ಬರುತ್ತದೆ, ಟ್ರ್ಯಾಕ್ಟರಿನ ಕುಂಟೆಗೆ ಸಿಕ್ಕಿ ಕಡಿದರೆ ಮತ್ತೆ ಖರ್ಚು.

ಎರಡು ಮಳೆಗಾಲ ದಾಟಿತು. ರಿಪೇರಿ ಎಂದು ಬಂದದ್ದು ಇಷ್ಟೇ: ಒಮ್ಮೆ ಆಷಾಢದ ಗಾಳಿಗೆ ಪೈಪು ತಿರುಗಿ ಅಂಕಿ ನೂರಕ್ಕೆ ಇಳಿಯಿತು. ತಿರುಗಿಸಿ ಕೂರಿಸಿ, ಮತ್ತೆ ಸರಿದರೆ ಗುರುತು ಸಿಗಲೆಂದು ಪೈಪಿಗೂ ಕ್ಲ್ಯಾಂಪಿಗೂ ಕೂಡಿಸಿ ಎಣ್ಣೆ ಬಣ್ಣದ ಗೆರೆ ಎಳೆದೆ. ಆಂಟೆನಾದ ತಿರುಪಿನೊಳಗೆ ನೀರು ಹೋಗದಂತೆ ಸೈಕಲ್ ಟ್ಯೂಬ್ ಸುತ್ತಿ ಬಿಗಿ ಕಟ್ಟಿದ್ದೇನೆ. ದೀಪಾವಳಿಗೆ ಬೋಲ್ಟು ಬಿಗಿ ಮಾಡಲು ಹತ್ತಿದಾಗ ಪೈಪಿನ ತೆರೆದ ಬಾಯಿಯಲ್ಲಿ ಕಣಜ ಗೂಡು ಕಟ್ಟಿತ್ತು. ಈಗ ಅದಕ್ಕೊಂದು ಪ್ಲಾಸ್ಟಿಕ್ ಬಿರಡೆ ಜಡಿದಿದ್ದೇನೆ.